ಎರಡೂ ಕಡೆ ಕೇಸಾಯ್ತು, ತಪ್ಪು ಯಾರದು?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಹಾಸನ ಜಿಲ್ಲೆಯವು. ವಿಷಯವೂ ಒಂದೇ: ಪಕ್ಷದ ಹೆಸರಲ್ಲಿ ಊರೊಳಗೆ ನಡೆದ ಹೊಡೆದಾಟ, ಆಮೇಲಿನ ಕೇಸು. ಬರೆದವರ ಹೆಸರು, ಊರು, ಪಕ್ಷ ಮೂರನ್ನೂ ಬಿಟ್ಟು ತಾಲ್ಲೂಕನ್ನಷ್ಟೇ ಉಳಿಸಿಕೊಂಡಿದ್ದೇವೆ. ಉತ್ತರಗಳಲ್ಲಿ ಬರುವ ಕಲಂಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಇವುಗಳದ್ದು. ಅದಕ್ಕೂ ಹಿಂದಿನ ಗಲಾಟೆಯಾದರೆ ಹಳೆಯ ಐಪಿಸಿ ಕಲಂಗಳೇ ಅನ್ವಯ.

ಪ್ರಶ್ನೆ: ನಮ್ಮೂರ ಅರಳಿಕಟ್ಟೆ ಎದುರು ಒಂದು ಪಕ್ಷದವರು ಕಟ್ಟಿದ್ದ ಫ್ಲೆಕ್ಸನ್ನು ರಾತ್ರಿ ಯಾರೋ ಹರಿದರು. ಬೆಳಿಗ್ಗೆ ಮಾತಿಗೆ ಮಾತು ಬೆಳೆದು ದೊಣ್ಣೆ, ಕಲ್ಲಿನಲ್ಲಿ ಹೊಡೆದಾಡಿದರು. ಒಂದು ಕಡೆ ಇಬ್ಬರ ತಲೆ ಒಡೆದಿದೆ, ಇನ್ನೊಂದು ಕಡೆ ಒಬ್ಬರ ಮುಂಗೈ ಮೂಳೆ ಮುರಿದಿದೆ. ಪೊಲೀಸರು ಎರಡೂ ಕಡೆಯ ದೂರು ತಗೊಂಡು ಎರಡು ಎಫ್‌ಐಆರ್ ಹಾಕಿದ್ದಾರೆ. ಮೊದಲು ಕೈ ಮಾಡಿದವರಿಗೂ ಏಟು ತಿಂದವರಿಗೂ ಒಂದೇ ತಕ್ಕಡಿಯೇ?
(ಅರಸೀಕೆರೆ ತಾಲ್ಲೂಕು)

ಉತ್ತರ: ಎರಡು ಎಫ್‌ಐಆರ್ ಆಗಿದ್ದರಲ್ಲಿ ತಪ್ಪಿಲ್ಲ. ಒಂದೇ ಘಟನೆಗೆ ಎರಡನೇ ಎಫ್‌ಐಆರ್ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2001ರ ಟಿ.ಟಿ. ಆಂಟನಿ ತೀರ್ಪಿನಲ್ಲಿ ಹೇಳಿತ್ತು. ಎದುರು ಕಡೆಯವರು ಕೊಡುವ ದೂರಿಗೆ ಆ ತಡೆ ಇಲ್ಲ ಎಂದು 2004ರ ಉಪಕಾರ್ ಸಿಂಗ್ ತೀರ್ಪು ಸ್ಪಷ್ಟಪಡಿಸಿತು. ಇಲ್ಲದಿದ್ದರೆ ಮೊದಲು ಠಾಣೆಗೆ ಓಡಿದವರೇ ಗೆದ್ದ ಹಾಗೆ ಆಗುತ್ತಿತ್ತು. ಹೊಡೆದವನು ಬೈಕ್ ಹತ್ತಿ ಠಾಣೆಗೆ ಹೋಗುತ್ತಾನೆ, ಹೊಡೆಸಿಕೊಂಡವನು ಆಸ್ಪತ್ರೆಗೆ ಹೋಗಿರುತ್ತಾನೆ. ಯಾರ ದೂರಿನ ನಂಬರ್ ಮೊದಲು ಅನ್ನೋದರಿಂದ ತಪ್ಪನ್ನು ಅಳೆಯಲಿಕ್ಕಾಗದು.

ಅನ್ಯಾಯ ಆಗುವುದು ಅದಾದ ಮೇಲೆ. ಎರಡೂ ಕೇಸನ್ನು ಒಬ್ಬರೇ ತನಿಖಾಧಿಕಾರಿ ಜೊತೆಜೊತೆಗೆ ನೋಡಿ, ಯಾರು ಮೇಲೆರಗಿದರು, ಯಾರು ತಡೆದುಕೊಂಡರು ಎಂದು ತೀರ್ಮಾನಿಸಬೇಕು. ಒಂದು ದೂರು ಸುಳ್ಳೆಂದು ಕಂಡರೆ ಅದಕ್ಕೆ ಬಿ ರಿಪೋರ್ಟ್ (ಕೇಸು ಮುಕ್ತಾಯದ ವರದಿ) ಹಾಕಬೇಕು. ಆ ತಲೆನೋವು ಯಾಕೆ ಎಂದು ಎರಡಕ್ಕೂ ಚಾರ್ಜ್‌ಶೀಟ್ ಹಾಕಿ ಕೋರ್ಟಿಗೆ ದಾಟಿಸಿಬಿಟ್ಟರೆ ಅದು ನ್ಯಾಯದಂತೆ ಕಾಣುತ್ತದೆ, ಆದರೆ ನ್ಯಾಯ ಅಲ್ಲ. ಎರಡೂ ಕಡೆ ಸಮಸಮ ಹಂಚಿದ ತಪ್ಪು, ಏಟು ತಿಂದವನಿಗೆ ಬಿದ್ದ ಎರಡನೇ ಏಟು.

ಎರಡೂ ಕೇಸು ಕೋರ್ಟಿಗೆ ಹೋದರೆ ಒಂದು ಕ್ರಮವಿದೆ, 1990ರ ನಾಥಿ ಲಾಲ್ ತೀರ್ಪಿನಿಂದ ಬಂದದ್ದು. ಎರಡನ್ನೂ ಒಬ್ಬರೇ ನ್ಯಾಯಾಧೀಶರು ಕೇಳಬೇಕು. ಮೊದಲ ಕೇಸಿನ ಸಾಕ್ಷಿ, ವಾದ ಮುಗಿಸಿ ತೀರ್ಪು ಕಾಯ್ದಿರಿಸಿ, ಎರಡನೆಯದನ್ನೂ ಪೂರ್ತಿ ಕೇಳಿ, ಆಮೇಲೆ ಒಂದರ ಹಿಂದೆ ಒಂದು ತೀರ್ಪು ಕೊಡಬೇಕು. ಒಂದು ಕೇಸಿನ ಸಾಕ್ಷ್ಯವನ್ನು ಇನ್ನೊಂದರಲ್ಲಿ ಬಳಸುವಂತಿಲ್ಲ. ನಿಮ್ಮಲ್ಲಿ ಒಂದು ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ಇನ್ನೊಂದು ಕೊಲೆಯತ್ನದ ಕಲಂ ಇದೆಯೆಂದು ಸೆಷನ್ಸ್ ಕೋರ್ಟಿನಲ್ಲಿ ಇದ್ದರೆ, ಎರಡನ್ನೂ ಸೆಷನ್ಸ್‌ಗೇ ಒಪ್ಪಿಸಲು ನಿಮ್ಮ ವಕೀಲರು ಅರ್ಜಿ ಹಾಕಲಿ. ಇದನ್ನು ಮರೆತರೆ ಒಂದು ಕೋರ್ಟು ಒಂದು ಕಥೆ, ಇನ್ನೊಂದು ಕೋರ್ಟು ಇನ್ನೊಂದು ಕಥೆ ನಂಬುವ ಅಪಾಯ ಇರುತ್ತದೆ.

ಇನ್ನು ‘ಮೊದಲು ಕೈ ಮಾಡಿದವರು’ ಅನ್ನುವ ಮಾತು. ಇದಕ್ಕೆ ಬೆಲೆ ಇದೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ. ಬಿಎನ್‌ಎಸ್ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. 37ನೇ ಕಲಂ ಅದಕ್ಕೆ ಎಲ್ಲೆ ಹಾಕುತ್ತದೆ: ಪೊಲೀಸರ ಸಹಾಯ ಪಡೆಯಲು ಸಮಯವಿದ್ದಾಗ ಈ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹೊಡೆಯುವಂತೆಯೂ ಇಲ್ಲ. ಇದರ ಜೊತೆಗೆ 1954ರ ಗಜಾನಂದ ತೀರ್ಪನ್ನೂ ನೆನಪಿಡಬೇಕು. ಎರಡೂ ಕಡೆಯವರು ಮೊದಲಿಂದಲೇ ಹೊಡೆದಾಡುವ ಉದ್ದೇಶ ಇಟ್ಟುಕೊಂಡು ಬಂದು ಬಯಲಿನಲ್ಲಿ ಬಡಿದಾಡಿದರೆ ಯಾರು ಮೊದಲು ಅನ್ನುವ ಪ್ರಶ್ನೆಯೇ ಬಿದ್ದುಹೋಗುತ್ತದೆ. ಅಂಥ ಹೊಡೆದಾಟದಲ್ಲಿ ಪ್ರತಿಯೊಬ್ಬನೂ ತನ್ನ ಕೈಯಿಂದ ಆದದ್ದಕ್ಕೆ ಮಾತ್ರ ಹೊಣೆ.

ಹಾಗಾದರೆ ನಿಮ್ಮೂರಿನದು ಯಾವುದು? ಉತ್ತರ ದೊಣ್ಣೆಯಲ್ಲೇ ಇದೆ. ಮಾತು ಶುರುವಾದಾಗ ಕಟ್ಟೆಯ ಹತ್ತಿರ ಯಾರ ಕೈಯಲ್ಲೂ ಏನೂ ಇರಲಿಲ್ಲ ಅಂತಿಟ್ಟುಕೊಳ್ಳಿ. ಒಬ್ಬ ಪಕ್ಕದ ಬೇಲಿಯ ಗೂಟ ಕಿತ್ತ, ಇನ್ನೊಬ್ಬ ಕಟ್ಟೆಯ ಬುಡದ ಇಟ್ಟಿಗೆ ಚೂರು ಎತ್ತಿದ. ಇದು ಆ ಕ್ಷಣದ ಕೋಪ. ಮೂರನೆಯವನೊಬ್ಬ ಮನೆಗೆ ಹೋಗಿ, ಹಟ್ಟಿಯ ಮೂಲೆಯಲ್ಲಿದ್ದ ಕುಡುಗೋಲು ತಗೊಂಡು, ಜೊತೆಗೆ ಮೂವರನ್ನು ಕರೆದುಕೊಂಡು ಬಂದ. ಮನೆಗೆ ಹೋಗಿ ಬಂದ ಆ ಹತ್ತು ನಿಮಿಷದಲ್ಲಿ ಅವನು 112ಕ್ಕೆ ಫೋನ್ ಮಾಡಬಹುದಿತ್ತು. ಅವನ ಆತ್ಮರಕ್ಷಣೆಯ ವಾದ ಅಲ್ಲಿಗೆ ಕುಸಿಯುತ್ತದೆ, ಮೊದಲ ಏಟು ಅವನಿಗೇ ಬಿದ್ದಿದ್ದರೂ ಸರಿ. ಸ್ಥಳ ಮಹಜರಿನಲ್ಲಿ ಕಿತ್ತ ಗೂಟದ ಗುಳಿ, ಬಿದ್ದ ಕಲ್ಲು ಊರಿನದೋ ಹೊರಗಿಂದ ತಂದ ಸೈಜುಗಲ್ಲೋ, ರಕ್ತದ ಕಲೆ ಯಾವ ಮನೆಯ ಕಡೆ ಅನ್ನುವುದು ದಾಖಲಾಗಲಿ. ಮಹಜರಿಗೆ ಕರೆದ ಪಂಚರು ಓದದೆ ಸಹಿ ಹಾಕಿಬಿಟ್ಟರೆ ಈ ವಿವರಗಳೆಲ್ಲ ಕಾಗದಕ್ಕೆ ಬರುವುದೇ ಇಲ್ಲ. ಸಹಿ ಮಾಡುವ ಮುನ್ನ ಓದಿಸಿಕೊಳ್ಳುವುದು ಪಂಚರ ಹಕ್ಕು.

ಫ್ಲೆಕ್ಸ್ ಹರಿದದ್ದು ಬೇರೆ ತಪ್ಪು, ಅದಕ್ಕೆ ಬೇರೆ ದೂರು. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದರೆ 1981ರ ಕರ್ನಾಟಕ ಬಯಲು ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಕಟ್ಟಿದ್ದೂ ತಪ್ಪೇ. ಎರಡರಲ್ಲಿ ಯಾವುದೂ ಮುಂಗೈ ಮೂಳೆ ಮುರಿದದ್ದಕ್ಕೆ ಸಮರ್ಥನೆ ಆಗದು.

ಪ್ರಶ್ನೆ: ವಿಜಯೋತ್ಸವದ ಮೆರವಣಿಗೆಯಲ್ಲಿ ಪಟಾಕಿ ಸಿಡಿಸುವ ವಿಷಯಕ್ಕೆ ಗಲಾಟೆಯಾಯಿತು. ದೂರಿನಲ್ಲಿ 22 ಜನರ ಹೆಸರು, ಜೊತೆಗೆ ‘ಮತ್ತು ಇತರರು’. ನನ್ನ ತಮ್ಮ ಅವತ್ತು ಹಾಸನದ ಎಪಿಎಂಸಿಗೆ ಆಲೂಗಡ್ಡೆ ಹಾಕಲು ಹೋಗಿದ್ದ. ಅವನ ಹೆಸರೂ ಇದೆ. ಅಲ್ಲಿದ್ದವರೆಲ್ಲ ಅಪರಾಧಿಗಳೇ? ಇಲ್ಲದವರೂ?
(ಹೊಳೆನರಸೀಪುರ ತಾಲ್ಲೂಕು)

ಉತ್ತರ: ಐದು ಅಥವಾ ಹೆಚ್ಚು ಜನ ಅಕ್ರಮ ಉದ್ದೇಶದಿಂದ ಸೇರಿದರೆ 189ನೇ ಕಲಂನ ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಕೂಟದ ಎಲ್ಲರೂ ಹೊಣೆ ಎನ್ನುತ್ತದೆ 190ನೇ ಕಲಂ. ಹಳೆಯ ಐಪಿಸಿಯ 149 ಅಂದರೆ ಇದೇ. ದೂರುಗಳಲ್ಲಿ ಹೆಸರುಗಳ ಪಟ್ಟಿ ಉದ್ದವಾಗುವುದೇ ಈ ಕಲಂನ ಆಸೆಗೆ. ಎದುರು ಪಕ್ಷದ ಬೂತ್ ಏಜೆಂಟ್, ಅವನ ಅಣ್ಣ, ಅವನ ಭಾವ, ಹಳೇ ಜಮೀನಿನ ತಕರಾರಿನವನು, ಎಲ್ಲರೂ ಅದರಲ್ಲಿ ಸೇರಿಕೊಳ್ಳುತ್ತಾರೆ.

ಕೋರ್ಟುಗಳಿಗೆ ಇದು ಗೊತ್ತು. ತುಂಬಾ ಜನ ಆರೋಪಿಗಳಿರುವ ಕೇಸಿನಲ್ಲಿ ಕನಿಷ್ಠ ಇಬ್ಬರು ಮೂವರು ಸಾಕ್ಷಿಗಳು ಒಂದೇ ರೀತಿ ಹೆಸರಿಸಿದವರನ್ನಷ್ಟೇ ಶಿಕ್ಷಿಸುವುದು ಒಳ್ಳೆಯದೆಂಬ ಅಳತೆಗೋಲನ್ನು 1964ರ ಮಸಾಲ್ತಿ ತೀರ್ಪು ಕೊಟ್ಟಿದೆ. ನೋಡಲು ನಿಂತವರು ಕೂಟದ ಸದಸ್ಯರಲ್ಲ. ನಮ್ಮೂರುಗಳಲ್ಲಿ ಗಲಾಟೆ ಅಂದರೆ ಅರ್ಧ ಊರು ಬಾಗಿಲಿಗೆ ಬರುತ್ತದೆ. ಕೈಯಲ್ಲಿ ಆಯುಧ, ಬಾಯಲ್ಲಿ ‘ಹೊಡೀರೋ’, ದಾರಿ ಅಡ್ಡಗಟ್ಟಿದ್ದು, ಓಡುವವನನ್ನು ಹಿಡಿದುಕೊಟ್ಟಿದ್ದು, ಇಂಥ ಒಂದಾದರೂ ಕೆಲಸ ಒಬ್ಬೊಬ್ಬರ ಹೆಸರಿನ ಮುಂದೆ ಕಾಣಬೇಕು.

ತಮ್ಮನ ವಿಷಯಕ್ಕೆ ತಡ ಮಾಡಬೇಡಿ. ಎಪಿಎಂಸಿಯ ಗೇಟ್ ಚೀಟಿ, ತೂಕದ ಚೀಟಿ, ಮಂಡಿಯವರ ಬಿಲ್ಲು, ಫೋನ್‌ಪೇಯಲ್ಲಿ ಬಂದ ಹಣದ ಸಮಯ ತೋರಿಸುವ ಪುಟ, ಹಾಸನದ ಟೀ ಅಂಗಡಿ ಅಥವಾ ಪೆಟ್ರೋಲ್ ಬಂಕ್‌ನ ಸಿಸಿಟಿವಿ. ಸಿಸಿಟಿವಿಗೆ ಮೊದಲು ಓಡಿ. ಸಣ್ಣ ಅಂಗಡಿಗಳ ಡಿವಿಆರ್ (ಕ್ಯಾಮೆರಾ ದೃಶ್ಯ ತುಂಬಿಕೊಳ್ಳುವ ಪೆಟ್ಟಿಗೆ) 7ರಿಂದ 30 ದಿನದೊಳಗೆ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ನೋಡುವಾಗ ಡಿವಿಆರ್ ಪರದೆಯ ಗಡಿಯಾರವನ್ನು ನಿಮ್ಮ ಮೊಬೈಲ್ ಗಡಿಯಾರದ ಪಕ್ಕ ಇಟ್ಟು ಒಂದು ಫೋಟೊ ತೆಗೆಯಿರಿ. ಡಿವಿಆರ್ ಇಪ್ಪತ್ತು ನಿಮಿಷ ಮುಂದೆಯೋ ಹಿಂದೆಯೋ ಇರುವುದು ಮಾಮೂಲು. ಆ ಫೋಟೊ ಇಲ್ಲದೆ ನಿಮ್ಮ ಸಾಕ್ಷಿಯೇ ನಿಮಗೆ ತಿರುಗಿಬೀಳಬಹುದು. ಮೊಬೈಲ್ ಟವರ್ ಲೊಕೇಶನ್ ಮೇಲೆ ಪೂರ್ತಿ ಭಾರ ಹಾಕಬೇಡಿ. ಅದು ಫೋನ್ ಎಲ್ಲಿತ್ತು ಎಂದು ಹೇಳುತ್ತದೆ, ಮನುಷ್ಯ ಎಲ್ಲಿದ್ದ ಎಂದಲ್ಲ.

ಇವೆಲ್ಲವನ್ನೂ ಒಂದು ಅರ್ಜಿಯ ಜೊತೆ ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಕಲನ್ನು ಡಿವೈಎಸ್ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಏಳು ವರ್ಷದವರೆಗಿನ ಶಿಕ್ಷೆಯ ಕಲಂಗಳಿದ್ದರೆ ಬಂಧನವೇ ಮೊದಲ ಹೆಜ್ಜೆ ಆಗಬೇಕಿಲ್ಲ, ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಕೊಟ್ಟು ಕರೆಯಬಹುದು. ನೋಟಿಸ್ ಬಂದರೆ ಹಾಜರಾಗಲಿ. ಊರು ಬಿಟ್ಟರೆ ತಪ್ಪಿತಸ್ಥನಂತೆ ಕಾಣುತ್ತಾನೆ, ಜಾಮೀನಿಗೂ ಕಷ್ಟ. 109ನೇ ಕಲಂ, ಅಂದರೆ ಕೊಲೆಯತ್ನ ಸೇರಿದ್ದರೆ ಮಾತ್ರ ತಡ ಮಾಡದೆ ಬಿಎನ್‌ಎಸ್‌ಎಸ್ 482ರಡಿ ನಿರೀಕ್ಷಣಾ ಜಾಮೀನಿಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ.

ಪ್ರಶ್ನೆ: ನನ್ನ ಮಗನಿಗೆ ದೊಣ್ಣೆ ಏಟು ಬಿದ್ದಿತ್ತು. ಕೇಸು ಬೇಡ ಅಂತ ಆಸ್ಪತ್ರೆಯಲ್ಲಿ ‘ಬೈಕಿಂದ ಬಿದ್ದೆ’ ಎಂದು ಹೇಳಿಸಿದೆವು. ಎರಡು ದಿನ ಬಿಟ್ಟು ಎದುರಿನವರೇ ನಮ್ಮ ಮೇಲೆ ಕೇಸು ಹಾಕಿದರು. ಈಗ ನಾವು ದೂರು ಕೊಟ್ಟರೆ ನಂಬುತ್ತಾರಾ?
(ಬೇಲೂರು ತಾಲ್ಲೂಕು)

ಉತ್ತರ: ಕಷ್ಟ, ಆದರೆ ಕೈ ಬಿಡಬೇಡಿ. ಆಸ್ಪತ್ರೆಯ ಚೀಟಿಯಲ್ಲಿ ಮೊದಲು ಬರೆದ ಮಾತು ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ, ಯಾಕೆಂದರೆ ಅದು ವಕೀಲರನ್ನು ನೋಡುವ ಮೊದಲಿನ ಮಾತು. ದೂರಿನಲ್ಲಿ ಮುಚ್ಚಿಡದೆ ಬರೆಯಿರಿ: ‘ಊರಿನಲ್ಲಿ ಜಗಳ ಬೆಳೆಯದಿರಲಿ ಎಂದು ಆಸ್ಪತ್ರೆಯಲ್ಲಿ ಬಿದ್ದೆ ಎಂದು ಹೇಳಿದೆವು.’ ಇದು ಅಸಹಜ ನಡತೆಯಲ್ಲ. ಅಲ್ಲಿ ಸುಳ್ಳು ಹೇಳಿದ್ದನ್ನೇ ಮರೆಮಾಡಿದರೆ ಪಾಟೀ ಸವಾಲಿನಲ್ಲಿ ಎಲ್ಲವೂ ಕುಸಿಯುತ್ತದೆ.

ಸಮಾಧಾನದ ವಿಷಯ, ಗಾಯಕ್ಕೂ ಒಂದು ಬಾಯಿ ಇದೆ. ಬೈಕಿಂದ ಬಿದ್ದವನಿಗೆ ಮೊಣಕಾಲು, ಮೊಣಕೈ, ಅಂಗೈಗಳಲ್ಲಿ ಉಜ್ಜಿದ ತರಚು, ಮಣ್ಣು ಸೇರಿಕೊಂಡ ಗೀರು ಇರುತ್ತವೆ. ದೊಣ್ಣೆಯ ಏಟು ಬೆನ್ನಿನ ಮೇಲೆ ರೈಲು ಹಳಿಯಂತೆ ಎರಡು ಸಮಾನಾಂತರ ಕೆಂಪು ಗೆರೆ ಬಿಡುತ್ತದೆ, ನಡುವೆ ಚರ್ಮ ಬಿಳಿಚಿರುತ್ತದೆ. ಏಟನ್ನು ತಡೆಯಲು ಕೈ ಎತ್ತಿದವನಿಗೆ ಮುಂಗೈಯ ಹೊರಬದಿಯಲ್ಲಿ, ಕಿರುಬೆರಳಿನ ಕಡೆಯ ಮೂಳೆಗೆ ಪೆಟ್ಟಾಗುತ್ತದೆ. ಮಚ್ಚು, ಕುಡುಗೋಲಿನ ಗಾಯದ ಅಂಚು ನೇರ. ಕಲ್ಲು, ದೊಣ್ಣೆಯಿಂದ ಒಡೆದದ್ದರ ಅಂಚು ಹರಕು. ಬಾವು ಮೊದಲು ಕೆಂಪು, ಆಮೇಲೆ ನೀಲಿ, ಐದಾರು ದಿನಕ್ಕೆ ಹಸಿರು, ಆಮೇಲೆ ಹಳದಿ. ಬಣ್ಣದಿಂದ ಗಂಟೆ ಲೆಕ್ಕ ಹಾಕಲು ಆಗದು, ಆದರೆ ‘ನಿನ್ನೆ ಹೊಡೆದರು’ ಎಂದವನ ಬಾವು ಹಳದಿಯಾಗಿದ್ದರೆ ವೈದ್ಯರು ಒಪ್ಪುವುದಿಲ್ಲ. ಇವತ್ತೇ ಹಗಲು ಬೆಳಕಿನಲ್ಲಿ, ಗಾಯದ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯವೆಂದು ಆಸ್ಪತ್ರೆಯ ದಾಖಲೆ) ಮಾಡಿಸಿ. ನೋವಿರುವ ಕಡೆಯೆಲ್ಲ ಎಕ್ಸ್‌ರೇ ಕೇಳಿ.

ಎಕ್ಸ್‌ರೇ ಯಾಕೆಂದರೆ ಕಲಂ ಬದಲಾಗುವುದೇ ಅಲ್ಲಿ. ಸಾಮಾನ್ಯ ಗಾಯಕ್ಕೆ 115(2), ಒಂದು ವರ್ಷದವರೆಗೆ. ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ, ಕಣ್ಣು ಕಿವಿ ಹೋದರೆ, ಅಥವಾ 15 ದಿನ ತೀವ್ರ ನೋವಿನಲ್ಲಿದ್ದರೆ ಇಲ್ಲವೇ ಮಾಮೂಲಿ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಗಾಯ, 117(2), ಏಳು ವರ್ಷದವರೆಗೆ. ಹಳೆಯ ಕಾನೂನಿನಲ್ಲಿ ಈ ಅವಧಿ 20 ದಿನ ಇತ್ತು. ಕೆಲವರು ಈಗಲೂ ಅದನ್ನೇ ಹೇಳುತ್ತಾರೆ. ಅಪಾಯಕಾರಿ ಆಯುಧ ಬಳಸಿದ್ದರೆ 118.

ಗಾಯವನ್ನು ಹಿಗ್ಗಿಸಿ ಹೇಳಿಸಬೇಡಿ. ನಾಲ್ಕು ಜನ ರಾಡಿನಲ್ಲಿ ತಲೆಗೆ ಹೊಡೆದರು ಎಂದು ದೂರಿನಲ್ಲಿ ಬರೆದು, ವೈದ್ಯರ ಗಾಯದ ಪ್ರಮಾಣಪತ್ರದಲ್ಲಿ ಭುಜದ ಮೇಲೆ ಒಂದೇ ತರಚು ಬಂದರೆ, ನಿಜವಾಗಿ ಹೊಡೆದ ಒಬ್ಬನೂ ತಪ್ಪಿಸಿಕೊಳ್ಳುತ್ತಾನೆ. ಎದುರಿನವರ ಗಾಯಕ್ಕೂ ನಿಮ್ಮ ಕಥೆಯಲ್ಲಿ ಕಾರಣ ಇರಲಿ. ಆರೋಪಿಗಳ ಮೈಮೇಲಿನ ಗಾಯಕ್ಕೆ ದೂರುದಾರರು ಏನೂ ಹೇಳದಿದ್ದರೆ ಅವರು ಘಟನೆಯ ಮೂಲವನ್ನೇ ಮುಚ್ಚಿಟ್ಟಿದ್ದಾರೆ ಎಂದು ಕೋರ್ಟು ಭಾವಿಸಬಹುದು. 1976ರ ಲಕ್ಷ್ಮೀ ಸಿಂಗ್ ತೀರ್ಪು ಹೇಳುವುದು ಅದನ್ನೇ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ 173(4)ರಂತೆ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಂದಲೂ ಆಗದಿದ್ದರೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ಪ್ರಶ್ನೆ: ವೇದಿಕೆಯಲ್ಲಿ ‘ಮನೆಗೆ ನುಗ್ಗಿ’ ಎಂದು ಕೂಗಿದ ನಾಯಕರು ಕಾರು ಹತ್ತಿ ಹೋದರು. ಜೈಲಿಗೆ ಹೋದವರು ನಮ್ಮ ಹುಡುಗರು. ನಾಯಕರಿಗೆ ಹೊಣೆ ಇಲ್ಲವೇ?
(ಅರಕಲಗೂಡು ತಾಲ್ಲೂಕು)

ಉತ್ತರ: ಇದೆ. ದೊಂಬಿ ಆಗಲೆಂದು ಕೆರಳಿಸುವುದು 192ನೇ ಕಲಂ, ದೊಂಬಿ ನಡೆದೇಬಿಟ್ಟರೆ ಒಂದು ವರ್ಷದವರೆಗೆ. ಕುಮ್ಮಕ್ಕಿನ ಕಲಂಗಳು ಬೇರೆ. ಚುನಾವಣೆಗೆ ಸಂಬಂಧಿಸಿ ಜಾತಿ, ಧರ್ಮ, ಭಾಷೆಯ ಹೆಸರಲ್ಲಿ ದ್ವೇಷ ಹಚ್ಚಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ನೇ ಕಲಂ. ಕೇಸು ನಿಲ್ಲಬೇಕಾದರೆ ಪೂರ್ತಿ ಭಾಷಣ ಬೇಕು, ಹದಿನೈದು ಸೆಕೆಂಡಿನ ತುಣುಕು ಸಾಲದು. ಆ ಮಾತು ಹೇಳಿದ ಸಮಯಕ್ಕೂ ಮೊದಲ ಕಲ್ಲು ಬಿದ್ದ ಸಮಯಕ್ಕೂ ಎಷ್ಟು ಅಂತರ, ಕಲ್ಲು ಎಸೆದವರು ಆ ಸಭೆಯಿಂದಲೇ ಬಂದರೇ, ಇವೆರಡು ಕೊಂಡಿಗಳು ಬೇಕು. ನಾಯಕರ ಹೊಣೆ ಹುಡುಗರ ಹೊಣೆಯನ್ನು ಕಳೆಯುವುದಿಲ್ಲ, ಅದರ ಮೇಲೆ ಸೇರುತ್ತದೆ. ಶಾಸಕ, ಸಂಸದರ ಮೇಲಿನ ಕೇಸನ್ನು ಹೈಕೋರ್ಟಿನ ಅನುಮತಿ ಇಲ್ಲದೆ ಹಿಂಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಆದೇಶಿಸಿದೆ.

ಪ್ರಶ್ನೆ: ನಮ್ಮ ಪಂಚಾಯಿತಿ ವ್ಯಾಪ್ತಿಯ ಸುದ್ದಿಯನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುತ್ತೇನೆ. ಪಕ್ಷದ ಗಲಾಟೆ ಬಗ್ಗೆ ಏನು ಬರೆದರೂ ಒಂದು ಕಡೆಯವರಿಗೆ ಸಿಟ್ಟು. ‘ಎರಡೂ ಕಡೆಯವರದ್ದೂ ತಪ್ಪು’ ಎಂದು ಬರೆದರೆ ಸಾಕೇ?
(ಸಕಲೇಶಪುರ ತಾಲ್ಲೂಕು)

ಉತ್ತರ: ಸಾಲದು. ಅದು ನ್ಯಾಯವಲ್ಲ, ಜಾರಿಕೊಳ್ಳುವುದು. ವಾಕ್ಯದಲ್ಲಿ ಕರ್ತೃ ಇರಲಿ. ‘ಘರ್ಷಣೆ ನಡೆದು ಮೂವರಿಗೆ ಗಾಯವಾಯಿತು’ ಎಂದರೆ ಘರ್ಷಣೆ ಮಳೆಯಂತೆ ತಾನಾಗಿ ಬಂದ ಹಾಗೆ ಕೇಳುತ್ತದೆ. ಮೆರವಣಿಗೆಯವರು ಎಲ್ಲಿ ನಿಂತರು, ಕಲ್ಲು ಯಾವ ಕಡೆಯಿಂದ ಬಂತು, ಯಾರ ಮನೆಯ ಕಿಟಕಿ ಒಡೆಯಿತು, ಕಂಡಷ್ಟನ್ನೇ ಬರೆಯಿರಿ. ಕಂಡದ್ದು, ಗಾಯಾಳು ಹೇಳಿದ್ದು, ಎಫ್‌ಐಆರ್‌ನಲ್ಲಿ ಇರುವುದು, ಈ ಮೂರನ್ನು ಒಂದೇ ವಾಕ್ಯದಲ್ಲಿ ಕಲಸಬೇಡಿ. ಎಫ್‌ಐಆರ್ ಒಬ್ಬರ ಮಾತು, ತೀರ್ಪಲ್ಲ. ಹೆಚ್ಚು ಗಾಯವಾದವರೇ ನಿರಪರಾಧಿಗಳು ಎಂಬ ಲೆಕ್ಕವೂ ಬೇಡ. ಮೇಲೆರಗಿ ಹೋದವರು ಸೋತು ಬಂದ ಹೊಡೆದಾಟಗಳೂ ಇವೆ. ‘ಆ ಪಕ್ಷದವರು’ ಎಂದು ಬರೆಯುವ ಮೊದಲು ಅದು ಪಕ್ಷದ ಕಾರ್ಯಕ್ರಮವೋ, ಶಾಲು ಹಾಕಿಕೊಂಡ ಇಬ್ಬರ ಹಳೇ ಬದುವಿನ ಜಗಳವೋ ವಿಚಾರಿಸಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ, ಆದರೂ ಪ್ರತಿ ಜಗಳಕ್ಕೂ ಬಾವುಟ ಕಟ್ಟಿಬಿಡುತ್ತೇವೆ.

ವಿಡಿಯೊ ಬಂದರೆ ಅದಕ್ಕೂ ಮುಂಚಿನ ಇಪ್ಪತ್ತು ಸೆಕೆಂಡನ್ನು ಕೇಳಿ ತರಿಸಿಕೊಳ್ಳಿ. ಹರಿದಾಡುವ ತುಣುಕು ಸಾಮಾನ್ಯವಾಗಿ ಎರಡನೇ ಏಟಿನಿಂದ ಶುರುವಾಗುತ್ತದೆ. ತೆಗೆದವರಿಗೆ ಹೇಳಿ: ಮೂಲ ಫೈಲ್ ಫೋನಿನಿಂದ ಅಳಿಸಬೇಡಿ, ಟ್ರಿಮ್ ಮಾಡಬೇಡಿ. ವಾಟ್ಸ್ಯಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗುತ್ತದೆ, ತೆಗೆದ ಸಮಯದ ವಿವರ ಕಳೆದುಹೋಗುತ್ತದೆ. ಕೋರ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದ ಜೊತೆ ಮೂಲ ಫೈಲಿನ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಖ್ಯೆ) ಬೇಕು. ಸುಳ್ಳು ವದಂತಿ ಹಬ್ಬಿಸಿ ಜನರನ್ನು ಕೆರಳಿಸಿದರೆ ನಿಮ್ಮ ಮೇಲೆಯೇ ಬಿಎನ್‌ಎಸ್ 353ನೇ ಕಲಂ ಬರಬಹುದು.

ಪ್ರಶ್ನೆ: ಊರ ಹಿರಿಯರು ಕೂಡಿಸಿ ರಾಜಿ ಮಾಡಿದ್ದಾರೆ. ಕಾಗದಕ್ಕೆ ಸಹಿಯೂ ಆಗಿದೆ. ಕೇಸು ಮುಗಿಯಿತೇ?
(ಚನ್ನರಾಯಪಟ್ಟಣ ತಾಲ್ಲೂಕು)

ಉತ್ತರ: ಕಾಗದದಿಂದ ಮುಗಿಯುವುದಿಲ್ಲ. ಸಾಮಾನ್ಯ ಗಾಯದ 115(2) ಆದರೆ ಗಾಯಾಳು ಕೋರ್ಟಿನಲ್ಲಿ ಒಪ್ಪಿದರೆ ರಾಜಿ ಆಗುತ್ತದೆ. 117(2)ಕ್ಕೆ ಕೋರ್ಟಿನ ಅನುಮತಿ ಬೇಕು. ದೊಂಬಿಯ 191, ಆಯುಧದ 118, ಕೊಲೆಯತ್ನದ 109 ಇದ್ದರೆ ಕೆಳ ಕೋರ್ಟಿನಲ್ಲಿ ರಾಜಿಗೆ ಜಾಗವಿಲ್ಲ. ಹೈಕೋರ್ಟಿಗೆ ಬಿಎನ್‌ಎಸ್‌ಎಸ್ 528ರಡಿ ಅರ್ಜಿ ಹಾಕಬೇಕು. ಅಲ್ಲಿ ಗಾಯದ ತೀವ್ರತೆ, ಆಯುಧ, ಎಲ್ಲಿಗೆ ಹೊಡೆದದ್ದು ಎಲ್ಲ ನೋಡುತ್ತಾರೆ. ‘ಸಾಕ್ಷಿ ಹೇಳುವಾಗ ಗೊತ್ತಿಲ್ಲ ಅಂದುಬಿಡಿ’ ಎಂದು ರಾಜಿಯಲ್ಲಿ ಹೇಳಿಕೊಟ್ಟಿದ್ದರೆ ಅದಕ್ಕೆ ಒಪ್ಪಬೇಡಿ. ಪ್ರಮಾಣ ಮಾಡಿ ಸುಳ್ಳು ಹೇಳುವುದು ಬೇರೆಯೇ ಅಪರಾಧ. ಸರ್ಕಾರ ಕೇಸು ವಾಪಸ್ ತೆಗೆಯುತ್ತದೆಂದು ಯಾರಾದರೂ ಆಶೆ ತೋರಿಸಿದರೆ, ಬಿಎನ್‌ಎಸ್‌ಎಸ್ 360ನೇ ಕಲಂನಂತೆ ಗಾಯಾಳುವಿನ ಮಾತು ಕೇಳದೆ ಕೋರ್ಟು ಅದಕ್ಕೆ ಒಪ್ಪುವಂತಿಲ್ಲ.

ಪ್ರಶ್ನೆ: ಗಲಾಟೆ ದಿನ ಬಿಡಿಸಲು ಹೋದ ನನ್ನನ್ನೂ ಸೇರಿಸಿ ಎರಡೂ ಕಡೆಯ ಹದಿನಾರು ಜನರಿಗೆ ತಹಶೀಲ್ದಾರ್ ಕಚೇರಿಯಿಂದ ಬಾಂಡ್ ನೋಟಿಸ್ ಬಂದಿದೆ. ಸಹಿ ಮಾಡಿದರೆ ತಪ್ಪು ಒಪ್ಪಿದಂತೆಯೇ?
(ಆಲೂರು ತಾಲ್ಲೂಕು)

ಉತ್ತರ: ಅಲ್ಲ. ಬಿಎನ್‌ಎಸ್‌ಎಸ್ 126ರ ಬಾಂಡ್ ಶಿಕ್ಷೆಯಲ್ಲ, ಮುಂದೆ ಶಾಂತಿ ಕದಡುವುದಿಲ್ಲ ಎಂಬ ಮುಚ್ಚಳಿಕೆ. ಒಂದು ವರ್ಷಕ್ಕಿಂತ ಹೆಚ್ಚು ಅವಧಿಗೆ ಕೇಳುವಂತಿಲ್ಲ. ಆದರೆ ನಿಮ್ಮಿಂದ ಶಾಂತಿಗೆ ಧಕ್ಕೆ ಇದೆ ಎಂಬುದಕ್ಕೆ ಏನು ಮಾಹಿತಿ ಇದೆ ಎಂದು ನೋಟಿಸಿನಲ್ಲಿ ನಿಮ್ಮ ಹೆಸರಿಗೇ ಬರೆದಿರಬೇಕು. ಹದಿನಾರು ಜನರಿಗೂ ಒಂದೇ ಸಾಲು ನಕಲು ಮಾಡಿದ್ದರೆ ಲಿಖಿತ ಆಕ್ಷೇಪಣೆ ಹಾಕಿ, ಬಿಡಿಸಲು ಹೋದದ್ದನ್ನು ಕಂಡ ಎರಡೂ ಕಡೆಯ ಒಬ್ಬೊಬ್ಬರ ಹೇಳಿಕೆ ಲಗತ್ತಿಸಿ. ಕರೆದ ದಿನ ತಪ್ಪದೆ ಹಾಜರಾಗಿ, ಇಲ್ಲದಿದ್ದರೆ ವಾರಂಟ್ ಬರುತ್ತದೆ. ವಿಚಾರಣೆ ಶುರುವಾದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಮುಗಿಯದಿದ್ದರೆ, ತಹಶೀಲ್ದಾರರು ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು ಆ ನಡವಳಿ ಅಲ್ಲಿಗೇ ಕೊನೆಗೊಳ್ಳುತ್ತದೆ.